ಹೆಂಡತಿಯ ಹಿಂದೆ ಮೋರ್ಚಾಕ್ಕೆ ಹೋದದ್ದು

ಆ ನಂಬರನ್ನು ನಾನು ಮೊದಲು ನೋಡಿದ್ದು ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ. ಹೆಂಡತಿ ಸ್ನಾನಕ್ಕೆ ಹೋಗಿದ್ದಳು. ಮಿಕ್ಸಿಯ ಪಕ್ಕದಲ್ಲಿಟ್ಟಿದ್ದ ಅವಳ ಮೊಬೈಲು ಗುರ್ ಎಂದು ಅಲುಗಾಡುತ್ತ ಕಟ್ಟೆಯ ಅಂಚಿಗೆ ಬಂದಿತ್ತು. ಬೀಳುತ್ತದೆಂದು ಎತ್ತಿಕೊಂಡೆ. ಪರದೆಯ ಮೇಲೆ ಹೆಸರಿರಲಿಲ್ಲ. ಹೆಸರಿನ ಜಾಗದಲ್ಲಿ ಒಂದು ಹಳದಿ ಹೂವಿನ ಚಿತ್ರ, ಅದರ ಕೆಳಗೆ ಪ್ಲಸ್ ತೊಂಬತ್ತೆರಡರಿಂದ ಶುರುವಾಗುವ ನಂಬರು. ನಮ್ಮ ದೇಶದ್ದು ತೊಂಬತ್ತೊಂದು. ತೊಂಬತ್ತೆರಡು ಪಾಕಿಸ್ತಾನದ್ದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆ ನಂಬರಿನಿಂದ ಫೋನ್ ಬಂದರೆ ಎತ್ತಬೇಡಿ ಎಂಬ ಎಚ್ಚರಿಕೆಯನ್ನು ನಮ್ಮ ಹೌಸಿಂಗ್ ಸೊಸೈಟಿಯ ಗ್ರೂಪಿಗೆ ಕಳಿಸಿದವನೇ ನಾನು. ಡೊಂಬಿವಲಿ ಪೂರ್ವದ ಆ ಸೊಸೈಟಿಗೆ ಆಗ ನಾನು ಸೆಕ್ರೆಟರಿ.

ರಿಂಗು ತಾನಾಗಿಯೇ ನಿಂತಿತು. ಹೆಂಡತಿ ತಲೆಗೆ ಟವೆಲು ಸುತ್ತಿಕೊಂಡು ಬಂದು, ಮೊಬೈಲು ನೋಡಿ, ನನ್ನ ಕಡೆ ಒಮ್ಮೆ ನೋಡಿ, ಬೆಡ್‌ರೂಮಿಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ. ಆದರೂ ನನಗೆ ಹಾಕಿಕೊಂಡಂತೆಯೇ ಅನಿಸಿತು.

ಯಾರದು ಎಂದು ಕೇಳಬಹುದಿತ್ತು. ಕೇಳಲಿಲ್ಲ. ಅದಕ್ಕೆ ನನ್ನ ನೌಕರಿಯೇ ಕಾರಣವೆಂದು ಈಗ ಅನಿಸುತ್ತದೆ. ಉಡುಪಿಯಿಂದ ಇಪ್ಪತ್ತರ ವಯಸ್ಸಿನಲ್ಲಿ ಬಂದು ಸೋದರಮಾವನ ಹೋಟೆಲಿನ ಗಲ್ಲೆಯಲ್ಲಿ ಕೆಲವು ವರ್ಷ ಕೂತೆ. ಆಮೇಲೆ ಒಂದು ವಿಮಾ ಕಂಪನಿಯ ಕ್ಲೈಮು ವಿಭಾಗ ಸೇರಿದವನು ನಿವೃತ್ತನಾಗುವವರೆಗೂ ಅಲ್ಲೇ ಇದ್ದೆ. ಗೋದಾಮಿಗೆ ಬೆಂಕಿ ಬಿತ್ತೆಂದು ಬರುತ್ತಾರೆ, ಸ್ಕೂಟರು ಕಳುವಾಯಿತೆಂದು ಬರುತ್ತಾರೆ. ನಂಬದೆ ಇರುವುದೇ ನನ್ನ ಕೆಲಸ. ಹೇಳಿಕೊಂಡು ಬಂದವನನ್ನು ನೇರವಾಗಿ ಕೇಳಬಾರದು, ಮೊದಲು ಅಕ್ಕಪಕ್ಕದವರನ್ನು ವಿಚಾರಿಸಬೇಕು, ಆಮೇಲೆ ಕಾಗದಪತ್ರ ನೋಡಬೇಕು, ಕೊನೆಗೆ ಅವನನ್ನು ಕೂರಿಸಿಕೊಳ್ಳಬೇಕು ಎಂದು ಮೇಲಧಿಕಾರಿಗಳು ಕಲಿಸಿದ್ದರು. ಮೂವತ್ತನಾಲ್ಕು ವರ್ಷ ಸಂಸಾರ ಮಾಡಿದ ಹೆಂಡತಿಯ ವಿಷಯದಲ್ಲೂ ನಾನು ಅದನ್ನೇ ಮಾಡಿದೆ.

ಅಂದಿನಿಂದ ಕಿವಿ ಕೊಡಲು ಶುರುಮಾಡಿದೆ. ಮಧ್ಯಾಹ್ನ ಊಟ ಮುಗಿಸಿ ನಾನು ಅಡ್ಡಾದ ಮೇಲೆ ಅವಳು ಬಾಲ್ಕನಿಗೆ ಹೋಗಿ ಕೂರುತ್ತಿದ್ದಳು. ಆ ಕಡೆಯಿಂದ ಹೆಂಗಸಿನ ದನಿಯಲ್ಲಿ ಧ್ವನಿ ಸಂದೇಶ ಬರುತ್ತಿತ್ತು. ಮಾತು ಮಾತಿಗೂ ‘ಬಾಜಿ, ಬಾಜಿ’ ಎಂದು ಕೇಳಿಸುತ್ತಿತ್ತು. ಇಲ್ಲಿ ಮರಾಠಿಯಲ್ಲಿ ಭಾಜಿ ಎಂದರೆ ತರಕಾರಿ, ಪಲ್ಯ. ಇಷ್ಟೊಂದು ತರಕಾರಿಯ ಮಾತೇಕೆ ಎಂದು ಎರಡು ದಿನ ತಲೆ ಕೆಡಿಸಿಕೊಂಡೆ. ಮೂರನೆಯ ದಿನ ಕೇಳಿದ್ದು ಇನ್ನೂ ವಿಚಿತ್ರವಾಗಿತ್ತು. ಹಿಂದಿಯಲ್ಲಿ ನಿಧಾನವಾಗಿ, ಬರೆದುಕೊಳ್ಳಲು ಬಿಡುವು ಕೊಡುತ್ತ ಆ ಹೆಂಗಸು ಹೇಳುತ್ತಿದ್ದಳು: ಆರು ಚೈನು, ಎರಡು ಬಿಡಬೇಕು, ಮೂರನೆಯದರಲ್ಲಿ ಐದು ಕಂಬ, ಮತ್ತೆ ಎರಡು ಬಿಡಬೇಕು. ನನ್ನ ಹೆಂಡತಿ ಅದನ್ನು ತಿರುಗಿ ಹೇಳಿ ಖಾತ್ರಿ ಮಾಡಿಕೊಂಡಳು.

ಐದು ಕಂಬ. ನಮ್ಮ ಬಾಲ್ಕನಿಯಿಂದ ನೋಡಿದರೆ ಠಾಕುರ್ಲಿ ಕಡೆ ಹೋಗುವ ರೈಲು ಹಳಿಯ ಕರೆಂಟು ಕಂಬಗಳು ಸಾಲಾಗಿ ಕಾಣುತ್ತವೆ. ನಾನು ಹಾಸಿಗೆಯಲ್ಲೇ ಎದ್ದು ಕೂತೆ. ಅವಳು ಒಳಗೆ ಹೋದ ಮೇಲೆ ಬಾಲ್ಕನಿಗೆ ಹೋಗಿ ಆ ಕಂಬಗಳನ್ನು ಎಣಿಸಿದೆ. ಕೇಳಿದ ಅಂಕಿಗಳನ್ನೆಲ್ಲ ನೀರಿನ ಟ್ಯಾಂಕರಿನ ಹಳೆಯ ಚೀಟಿಯ ಹಿಂದೆ ಬರೆದಿಟ್ಟುಕೊಂಡೆ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಅಂದು ಆಗಿರಲಿಲ್ಲ. ಅಂದು ಬರೀ ಹೆದರಿಕೆ.

ಪುಣೆಯಲ್ಲಿರುವ ಮಗಳಿಗೆ ಫೋನ್ ಮಾಡಿ, ಅಮ್ಮ ಈಚೆಗೆ ಯಾರ ಜೊತೆ ಮಾತಾಡುತ್ತಾಳೆ, ನಿನಗೇನಾದರೂ ಹೇಳಿದ್ದಾಳಾ ಎಂದು ಸುತ್ತಿ ಬಳಸಿ ಕೇಳಿದೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. “ಪಪ್ಪಾ, ಮಮ್ಮಿ ಸೇ ಪೂಛೋ ನಾ,” ಎಂದಳು. ಅಮ್ಮನನ್ನೇ ಕೇಳಬಾರದಾ ಎಂಬ ಆ ಮಾತಿನಲ್ಲಿ ತಾಯಿ ಮಗಳು ಒಂದಾಗಿದ್ದಾರೆಂದು ನನಗೆ ಅನುಮಾನ ಬಂತು.

ಆ ವಾರದಲ್ಲೇ ಹೆಂಡತಿ ಕಲ್ಯಾಣದ ಒಬ್ಬ ನಿವೃತ್ತ ಟೀಚರ ಜೊತೆ ಫೋನಿನಲ್ಲಿ ಮಾತಾಡುವುದು ಕಿವಿಗೆ ಬಿತ್ತು. ಮಾತು ಮರಾಠಿಯಲ್ಲಿತ್ತು. ನನಗೆ ಸ್ಪಷ್ಟವಾಗಿ ಕೇಳಿದ್ದು ಎರಡೇ ಪದ, ‘ಸೀಮಾ ಮೋರ್ಚಾ’. ಮೋರ್ಚಾ ಎಂದರೆ ಬೇಡಿಕೆಯ ಮೆರವಣಿಗೆ, ಸೀಮೆ ಎಂದರೆ ಗಡಿ. ಮಹಾರಾಷ್ಟ್ರದಲ್ಲಿರುವ ಕನ್ನಡದವನಿಗೆ ಗಡಿ ಎಂದರೆ ಒಂದೇ ಗಡಿ, ಬೆಳಗಾವಿ. ಆ ಜಗಳ ಎದ್ದಾಗಲೆಲ್ಲ ಸೋದರಮಾವ ಹೋಟೆಲಿನ ಕನ್ನಡ ಬೋರ್ಡಿಗೆ ಹಳೆಯ ಪೇಪರು ಅಂಟಿಸಿ ಮುಚ್ಚುತ್ತಿದ್ದದ್ದು ನನಗೆ ನೆನಪಿದೆ. ಇವಳಿಗೆ ಇದೆಲ್ಲ ಯಾಕೆ ಬೇಕು? ಯಾವ ಕಡೆಯವರ ಮೋರ್ಚಾ? ಆ ತೊಂಬತ್ತೆರಡರ ನಂಬರಿಗೂ ಬೆಳಗಾವಿಗೂ ಎಂತ ಸಂಬಂಧ?

ಕಾಗದಪತ್ರ ನೋಡುವ ಹೊತ್ತು ಬಂದಿತ್ತು. ಅವಳು ತರಕಾರಿಗೆ ಹೋದಾಗ ಕಪಾಟು ತೆಗೆದೆ. ಸೀರೆಗಳ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಪುಟ್ಟದೊಂದು ಹೊದಿಕೆ ಇತ್ತು. ತಿಳಿ ಹಸಿರು ಉಲ್ಲನ್ನಿನಲ್ಲಿ ಕ್ರೋಶಾ ಹಾಕಿದ್ದು, ಕೂಸಿಗೆ ಹೊದಿಸುವಷ್ಟು ದೊಡ್ಡದು. ನಮ್ಮ ಬಳಗದಲ್ಲಿ ಯಾರಿಗೂ ಕೂಸಾಗಿರಲಿಲ್ಲ. ಕವರಿನ ಮೇಲೆ ಅವಳ ಅಕ್ಷರದಲ್ಲಿ ಕರಾಚಿಯ ಒಂದು ವಿಳಾಸ. ಅದಕ್ಕೆ ಪಿನ್ ಮಾಡಿದ ಕೊರಿಯರಿನವರ ಚೀಟಿಯಲ್ಲಿ, ಈ ದೇಶಕ್ಕೆ ಪಾರ್ಸೆಲು ಹೋಗುವುದಿಲ್ಲ ಎಂದು ಬರೆದು ವಾಪಸು ಮಾಡಿದ್ದರು. ಅದರ ಕೆಳಗೆ ಮರಾಠಿ ಕರಪತ್ರ. ನೆರೆಯ ದೇಶಗಳ ನಡುವಿನ ಗಡಿ ತೆರೆಯಿರಿ, ಜನ ಜನರನ್ನು ಭೇಟಿಯಾಗಲಿ. ಶುಕ್ರವಾರ ಬೆಳಿಗ್ಗೆ ಠಾಣೆಯ ತಲಾವಪಾಳಿಯಿಂದ ಕಲೆಕ್ಟರ್ ಕಚೇರಿಗೆ ಮೋರ್ಚಾ.

ಬೆಳಗಾವಿಯದಲ್ಲ ಎಂದು ಸಮಾಧಾನವಾಗಲಿಲ್ಲ. ಬೆಳಗಾವಿಯದೇ ಆಗಿದ್ದರೆ ವಾಸಿಯಿತ್ತು. ಈ ಕಾಲದಲ್ಲಿ ಆ ದೇಶದ ಹೆಸರೆತ್ತಿದರೆ ಸಾಕು, ಜನ ತಿರುಗಿ ನೋಡುತ್ತಾರೆ. ಕರಪತ್ರ ಹಂಚಿದವರು ಯಾರು, ಇವಳನ್ನು ಹೇಗೆ ಹಿಡಿದರು, ಕೂಸಿನ ಹೊದಿಕೆಯ ನೆಪದಲ್ಲಿ ಎಂತದು ಸಾಗಿಸಲು ನೋಡುತ್ತಿದ್ದಾರೆ ಎಂದೆಲ್ಲ ಯೋಚಿಸಿದೆ. ಹೊದಿಕೆಯ ಅಂಚನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದೆ. ಉಲ್ಲನ್ ಬಿಟ್ಟರೆ ಏನೂ ಸಿಗಲಿಲ್ಲ. ಎಲ್ಲವನ್ನೂ ಇದ್ದ ಹಾಗೆ ಮಡಿಸಿಟ್ಟೆ.

ಶುಕ್ರವಾರ ಬೆಳಿಗ್ಗೆ ಅವಳು ದೋಸೆ ಹೊಯ್ದಿಟ್ಟು, ಠಾಣೆಗೆ ಉಲ್ಲನ್ ತರಲು ಹೋಗುತ್ತೇನೆ, ಊಟಕ್ಕೆ ತಡವಾದರೆ ಸಾರು ಬಿಸಿ ಮಾಡಿಕೊಳ್ಳಿ ಎಂದು ಹೊರಟಳು. ಆಯ್ತು ಎಂದೆ. ಅವಳು ಗೇಟು ದಾಟುವುದನ್ನು ಮೇಲಿನಿಂದ ನೋಡಿ, ಟೋಪಿ ಹಾಕಿಕೊಂಡು, ಪೇಪರು ಮಡಿಸಿ ಕಂಕುಳಲ್ಲಿಟ್ಟು ಇಳಿದೆ. ನಮ್ಮ ನೇಪಾಳಿ ವಾಚ್‌ಮನ್ ಎದ್ದು ನಿಂತು ಸಲಾಮು ಹೊಡೆದ. ಅವನಿಗೂ ಅನುಮಾನ ಬಂದಿರಬೇಕು ಎಂದುಕೊಂಡೆ.

ಸ್ಲೋ ಲೋಕಲ್ಲು ಬಂತು. ಅವಳು ಲೇಡೀಸ್ ಡಬ್ಬಿ ಹತ್ತಿದಳು, ನಾನು ಪಕ್ಕದ ಜನರಲ್ ಡಬ್ಬಿ. ಕೋಪರ್, ದಿವಾ, ಮುಂಬ್ರಾ, ಕಳವಾ, ಪ್ರತಿ ಸ್ಟೇಷನ್ನಿನಲ್ಲೂ ಬಾಗಿಲ ಕಂಬಿ ಹಿಡಿದು ತಲೆ ಹೊರಹಾಕಿ ಅವಳು ಇಳಿದಳೇ ಎಂದು ನೋಡುತ್ತಿದ್ದೆ. ದಿವಾದಲ್ಲಿ ಹತ್ತುವವರು ನನ್ನನ್ನು ಒಳಕ್ಕೆ ತಳ್ಳಿ ಬೈದರು. ಠಾಣೆಯಲ್ಲಿ ಇಳಿದು ಅವಳ ಭುಜದ ಮೇಲಿನ ಕೆಂಪು ಕ್ರೋಶಾ ಚೀಲವನ್ನು ಗುರುತು ಇಟ್ಟುಕೊಂಡು ಹಿಂದೆ ನಡೆದೆ. ಉಲ್ಲನ್ನಿನ ಅಂಗಡಿಗಳ ಸಾಲು ಬಂತು. ಅವಳು ಅತ್ತ ತಿರುಗಿಯೂ ನೋಡಲಿಲ್ಲ.

ತಲಾವಪಾಳಿಯ ಕೆರೆಯ ದಂಡೆಯಲ್ಲಿ ಅರವತ್ತು ಎಪ್ಪತ್ತು ಜನ ಸೇರಿದ್ದರು. ಇಷ್ಟು ಜನಕ್ಕೆ ಯಾಕೆ ಎನ್ನುವಷ್ಟು ಪೊಲೀಸರಿದ್ದರು. ಒಬ್ಬ ಪೊಲೀಸ್ ಎಲ್ಲರ ಮುಖವನ್ನೂ ಒಂದೊಂದಾಗಿ ವಿಡಿಯೋ ಮಾಡಿಕೊಳ್ಳುತ್ತಿದ್ದ. ಮೋರ್ಚಾದವರಲ್ಲಿ ಹೆಚ್ಚಿನವರು ವಯಸ್ಸಾದವರು, ಕೆಲವರು ಕಾಲೇಜಿನ ಹುಡುಗಿಯರು. ಇವರಲ್ಲಿ ಬೆನ್ನ ಹಿಂದಿದ್ದು ಇದನ್ನೆಲ್ಲ ನಡೆಸುತ್ತಿರುವವರು ಯಾರಾಗಿರಬಹುದು ಎಂದು ನಾನು ಒಬ್ಬೊಬ್ಬರನ್ನೇ ಅಳೆದೆ. ಬಿಳಿ ಗಡ್ಡದವರೊಬ್ಬರ ಮೇಲೆ ಬಹಳ ಹೊತ್ತು ಕಣ್ಣಿಟ್ಟೆ. ಅವರು ಚೀಲದಿಂದ ಶೇಂಗಾ ಚಿಕ್ಕಿ ತೆಗೆದು ಎಲ್ಲರಿಗೂ ಹಂಚಿದರು. ನನ್ನ ಹೆಂಡತಿಯೂ ಒಂದು ತಿಂದಳು.

ಕಬ್ಬಿನ ಹಾಲಿನ ಗಾಡಿಯ ಹಿಂದೆ ನಿಂತು, ಎಂತ ಮಾಡ್ಲಿಕ್ಕೆ ಹೊರಟಿದ್ದಾಳೆ ಇವಳು ಎಂದು ನನಗೆ ನಾನೇ ಗೊಣಗಿಕೊಂಡಿರಬೇಕು. ಪಕ್ಕದಲ್ಲಿ ಸಿಮೆಂಟಿನ ಧೂಳು ಹಿಡಿದ ಅಂಗಿಯ, ಮೂವತ್ತೈದರ ಆಸುಪಾಸಿನ ಒಬ್ಬ ಮನುಷ್ಯ ನಿಂತಿದ್ದ. ನೀವು ಕನ್ನಡದವರೇ ಎಂದು ಕೇಳಿದ. ತಾನು ರಾಯಚೂರು ಕಡೆಯವನು, ಇಲ್ಲೇ ಒಂದು ಕಟ್ಟಡದ ಕೆಲಸದಲ್ಲಿದ್ದೇನೆ ಎಂದ. ಇದು ಯಾವ ಮೋರ್ಚಾ ಎಂದು ಕೇಳಿದವನಿಗೆ ಗಡಿ ತೆರೆಯಿರಿ ಎನ್ನುವ ಮೋರ್ಚಾ ಎಂದೆ.

“ಬೆಳಗಾವಿದೇನ್ರಿ?” ಎಂದ.

ಅಲ್ಲ, ಬೇರೆ ದೇಶಗಳದ್ದು ಎಂದೆ. ಅವನು ಪೊಲೀಸರ ಕಡೆ ಕೈ ತೋರಿಸಿ ಹೇಳಿದ:

“ಹೋದ ತಿಂಗಳ ನಮ್ಮ ಸೈಟಿಗೆ ಪೊಲೀಸ್ರು ಬಂದಿದ್ರು ನೋಡ್ರಿ. ನನ್ನ ತಮ್ಮಗ ಹಿಂದಿ ಬರಂಗಿಲ್ಲ. ನೀ ಬಾಂಗ್ಲಾದೇಶದವ ಅದಿ ಅಂತ ಹಿಡಕೊಂಡು ಹೋದ್ರು. ರಾಯಚೂರು ಅಂದ್ರ ಅದೆಲ್ಲಿ ಬರ್ತದ ಅಂತ ಕೇಳ್ತಾರ. ಆಧಾರ ಕಾರ್ಡ್ ತೋರ್ಸಿದ್ರ ಖೊಟ್ಟಿ ಐತಿ ಅಂದ್ರು. ಎರಡು ದಿನ ಕುಂದ್ರಿಸಿ ಬಿಟ್ರು. ಗಡಿ ತೆಗದ್ರ ಹಂಗ ಕೇಳೂದು ಬಿಡ್ತಾರೇನ್ರಿ ಸಾಹೇಬ್ರ?”

ನನಗೆ ಗೊತ್ತಿಲ್ಲ ಎಂದೆ. ಅದು ನಿಜ. ಆದರೆ ಅವನು ಮಾತಾಡುತ್ತಿರುವಷ್ಟು ಹೊತ್ತೂ ನಾನು ಮಾಡುತ್ತಿದ್ದದ್ದು ಬೇರೆ. ಇವನ ಕನ್ನಡ ನಿಜವಾಗಿಯೂ ರಾಯಚೂರಿನದು ಹೌದೋ ಅಲ್ಲವೋ ಎಂದು ಒಂದೊಂದೇ ಪದವನ್ನು ಕಿವಿಯಲ್ಲಿ ತೂಗಿ ನೋಡುತ್ತಿದ್ದೆ. ಅವನು ಬರ್ತೀನ್ರಿ ಎಂದು ಹೊರಟುಹೋದ. ಅವನ ತಮ್ಮನನ್ನು ಕೂರಿಸಿಕೊಂಡ ಪೊಲೀಸರೂ ಹೀಗೆಯೇ ಕೇಳಿಸಿಕೊಂಡಿರಬೇಕು ಎಂದು ನನಗೆ ಹೊಳೆದದ್ದು ಅವನು ಸಿಗ್ನಲ್ಲು ದಾಟಿದ ಮೇಲೆ. ಕೂಗಿ ಕರೆಯೋಣವೆಂದರೆ ಹೆಸರು ಕೇಳಿರಲಿಲ್ಲ.

ಅಷ್ಟರಲ್ಲಿ ಒಬ್ಬ ಹವಾಲ್ದಾರ ನನ್ನ ಹತ್ತಿರ ಬಂದು, ಮೋರ್ಚಾದವರಾದರೆ ಹಗ್ಗದ ಒಳಗೆ ಹೋಗಿ, ಅಲ್ಲದಿದ್ದರೆ ಇಲ್ಲಿಂದ ಜಾಗ ಖಾಲಿ ಮಾಡಿ ಎಂದು ಮರಾಠಿಯಲ್ಲಿ ಗದರಿದ. ಮನೆಗೆ ಹೋದರೆ ಹೆಂಡತಿ ಮುಂದೆ ಯಾರನ್ನು ಭೇಟಿಯಾಗುತ್ತಾಳೆಂದು ತಿಳಿಯುವುದಿಲ್ಲ. ಹಗ್ಗದಡಿ ನುಸುಳಿ ಕೊನೆಯ ಸಾಲಿನಲ್ಲಿ ನಿಂತೆ. ಅಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು, ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತೇನೆ, ಒಂದು ನಿಮಿಷ ಹಿಡಿಯಿರಿ ಎಂದು ತಮ್ಮ ಫಲಕವನ್ನು ನನ್ನ ಕೈಗೆ ಕೊಟ್ಟು ಬಗ್ಗಿದರು. ಅವರೇ ಕಲ್ಯಾಣದ ಟೀಚರೆಂದು ಆಮೇಲೆ ತಿಳಿಯಿತು. ನಾನು ಹಿಡಿದುಕೊಂಡೆ. ಎದುರಿಗೆ ಯಾರೋ ಮೊಬೈಲಿನಲ್ಲಿ ಫೋಟೋ ತೆಗೆದರು. ಅದೇ ಹೊತ್ತಿಗೆ ಮುಂದಿನ ಸಾಲಿನಲ್ಲಿದ್ದ ನನ್ನ ಹೆಂಡತಿ ನನ್ನ ಕಡೆ ತಿರುಗಿದಳು.

ಅವಳು ಬೆಚ್ಚಿಬೀಳಲಿಲ್ಲ. ನನ್ನ ಟೋಪಿಯನ್ನು ನೋಡಿದಳು, ಪೇಪರನ್ನು ನೋಡಿದಳು, ಫಲಕವನ್ನು ನೋಡಿದಳು.

“ಉಲ್ಟಾ ಹಿಡ್ಕೊಂಡಿದ್ದೀರಿ,” ಎಂದಳು.

ತಿರುಗಿಸಿ ಹಿಡಿದೆ. ನೆರೆಯವರನ್ನು ನೆರೆಯವರ ಜೊತೆ ಭೇಟಿಯಾಗಲು ಬಿಡಿ ಎಂದು ಅದರಲ್ಲಿ ಹಿಂದಿಯಲ್ಲಿ ಬರೆದಿತ್ತು. ಮೋರ್ಚಾ ಹೊರಟಿತು. ಟೀಚರು ಫಲಕ ವಾಪಸು ಕೇಳಲಿಲ್ಲ. ಬಿಸಿಲಿನಲ್ಲಿ ಕಲೆಕ್ಟರ್ ಕಚೇರಿಯವರೆಗೆ ನಾನು ಅದನ್ನು ಹೊತ್ತುಕೊಂಡು ನಡೆದೆ. ಘೋಷಣೆ ಕೂಗಲಿಲ್ಲ. ದಾರಿಯಲ್ಲಿ ಸ್ಕೂಟರಿನವನೊಬ್ಬ ನಮ್ಮನ್ನೆಲ್ಲ ಅಲ್ಲಿಗೇ ಕಳಿಸಿಬಿಡಬೇಕೆಂದು ಕೂಗಿ ಹೋದ. ಮನವಿಯನ್ನು ಕಚೇರಿಯ ಗುಮಾಸ್ತನೊಬ್ಬ ಹೊರಗೆ ಬಂದು ತೆಗೆದುಕೊಂಡ. ಅಲ್ಲಿಗೆ ಮುಗಿಯಿತು.

ವಾಪಸು ಬರುವಾಗ ಅವಳು ಲೇಡೀಸ್ ಡಬ್ಬಿಗೆ ಹೋಗದೆ ನನ್ನ ಜೊತೆಗೇ ಹತ್ತಿದಳು. ಕಿಟಕಿಯ ಸೀಟು ಸಿಕ್ಕಿತು. ಕಳವಾ ದಾಟಿದ ಮೇಲೆ ಮಾತಾಡಿದಳು.

“ಎಷ್ಟು ದಿವಸದಿಂದ ನನ್ನ ಮೇಲೆ ಕಣ್ಣಿಟ್ಟಿದ್ದೀರಿ?”

ಎರಡು ವಾರದಿಂದ ಎಂದೆ. ಸುಳ್ಳು ಹೇಳಿ ಉಪಯೋಗವಿರಲಿಲ್ಲ. ಆ ನಂಬರು, ಕಂಬಗಳು, ಕಪಾಟು, ಎಲ್ಲವನ್ನೂ ಹೇಳಿದೆ. ಕಂಬದ ವಿಷಯ ಬಂದಾಗ ಅವಳ ತುಟಿ ಒಂದು ಕ್ಷಣ ಅಲುಗಿತು, ಆದರೆ ನಗಲಿಲ್ಲ. ಕ್ರೋಶಾದಲ್ಲಿ ನೂಲನ್ನು ಸುತ್ತಿ ಎತ್ತರಕ್ಕೆ ಎಳೆಯುವ ಹೊಲಿಗೆಗೆ ಕಂಬ ಎನ್ನುತ್ತಾರಂತೆ. ಬಾಜಿ ಎಂದರೆ ಆ ಕಡೆ ಅಕ್ಕ. ಕರಾಚಿಯ ಆ ಹೆಂಗಸು ಇವಳಿಗಿಂತ ಚಿಕ್ಕವಳು. ಕ್ರೋಶಾದ ಒಂದು ಗ್ರೂಪಿನಲ್ಲಿ ಆರು ವರ್ಷದ ಹಿಂದೆ ಪರಿಚಯವಾಗಿ, ದಿನಕ್ಕೊಮ್ಮೆಯಾದರೂ ಮಾತಾಡುವಷ್ಟು ಹತ್ತಿರವಾಗಿದ್ದಾರೆ. ಆ ಹೆಂಗಸಿನ ಮಗಳಿಗೆ ಕೂಸಾಗಿತ್ತು. ಹೊದಿಕೆ ಆ ಕೂಸಿಗೆ.

“ಇದನ್ನು ನನಗೆ ಮೊದಲೇ ಹೇಳಬಹುದಿತ್ತಲ್ಲ,” ಎಂದೆ.

“ಹೇಳಿದ್ದೆ ಮಾರಾಯ್ರೆ. ಒಂದು ಸಲ ಅಲ್ಲ, ಮೂರು ಸಲ. ನೀವು ಟಿವಿ ನೋಡ್ತಾ ಹ್ಞೂಂ ಹ್ಞೂಂ ಅಂದಿದ್ರಿ.” ಅವಳು ಹೊರಗೆ ನೋಡುತ್ತ ಮುಂದುವರಿಸಿದಳು. “ಮೋರ್ಚಾದ್ದು ಮಾತ್ರ ಹೇಳ್ಲಿಲ್ಲ. ಹೇಳಿದ್ರೆ ನೀವು ಬಿಡ್ತಿರ್ಲಿಲ್ಲ. ಆದ್ರೆ ನನ್ನ ಕಪಾಟು ತೆಗ್ದು ನೋಡ್ಲಿಕ್ಕೆ ನಾನು ಎಂತ ಕಳ್ಳತನ ಮಾಡಿದ್ದೆ?”

ಡೊಂಬಿವಲಿಯಲ್ಲಿ ಇಳಿದು ಮನೆಗೆ ಬಂದು ಅವಳು ಸಾರು ಬಿಸಿ ಮಾಡಿ ಬಡಿಸಿದಳು. ಎಂಟು ಹತ್ತು ದಿನ ಬೇಕಾದಷ್ಟೇ ಮಾತಾಡಿದಳು.

ಫೋಟೋ ಸೊಸೈಟಿಯ ಗ್ರೂಪಿಗೆ ಬಂದದ್ದು ಸೋಮವಾರ. ಅದರಲ್ಲಿ ಹೆಂಡತಿಯ ಬೆನ್ನು ಮಾತ್ರ ಇತ್ತು. ನಡುವೆ ಟೋಪಿ ಹಾಕಿಕೊಂಡು, ಫಲಕವನ್ನು ಉಲ್ಟಾ ಹಿಡಿದು, ಯಾರಿಗಾದರೂ ಸಂಶಯ ಬರುವಂತಹ ಮುಖ ಮಾಡಿಕೊಂಡು ನಿಂತವನು ನಾನು. ಸಂಜೆ ಸೊಸೈಟಿಯ ಆಫೀಸಿನಲ್ಲಿ ಮೀಟಿಂಗು ಕರೆದರು. ಪಕ್ಕದ ಎಂಐಡಿಸಿ ಕಾರ್ಖಾನೆಗಳ ಕೆಮಿಕಲ್ ವಾಸನೆ ಜೋರಾಗಿದ್ದರಿಂದ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ನಮ್ಮ ಚೇರ್ಮನ್ನರು ಮರಾಠಿಯವರು, ಇಪ್ಪತ್ತು ವರ್ಷದಿಂದ ನನ್ನ ಜೊತೆ ಬೆಳಗಿನ ವಾಕಿಂಗಿಗೆ ಬರುವವರು. ಅವರು ಕೇಳಿದ ಮೊದಲ ಪ್ರಶ್ನೆ, ಇದು ಬೆಳಗಾವಿಯ ವಿಷಯವೇ ಎಂದು. ಅಲ್ಲ ಎಂದು ತಿಳಿದ ಮೇಲೆ ಅವರ ಮುಖ ಇನ್ನಷ್ಟು ಬಿಗಿಯಾಯಿತು.

ನಾನು ನಡೆದದ್ದನ್ನೇ ಹೇಳಿದೆ. ಅಲ್ಲಿ ಸುಮ್ಮನೆ ನಿಂತಿದ್ದೆ, ಪೊಲೀಸರು ಒಳಗೆ ಹೋಗೆಂದರು, ಯಾರೋ ಒಬ್ಬರು ಚಪ್ಪಲಿ ಸರಿಮಾಡಿಕೊಳ್ಳಲು ಫಲಕ ಹಿಡಿಯಲು ಕೊಟ್ಟರು. ಹೆಂಡತಿಯ ಹೆಸರೆತ್ತಲಿಲ್ಲ. ಹೇಳುತ್ತ ಹೋದಂತೆ ಒಬ್ಬರೂ ನಂಬುತ್ತಿಲ್ಲವೆಂದು ಗೊತ್ತಾಯಿತು. ನಾನೂ ನಂಬುತ್ತಿರಲಿಲ್ಲ. ನಿಜ ಹೇಳಿದವರ ಎಷ್ಟು ಕ್ಲೈಮುಗಳನ್ನು ಹೀಗೆಯೇ ಕೂತು ಕೇಳಿ ತಳ್ಳಿಹಾಕಿರಬಹುದೆಂದು ಆ ಕುರ್ಚಿಯಲ್ಲಿ ಕೂತು ಯೋಚಿಸಿದೆ.

ಅಷ್ಟರಲ್ಲಿ ಹೆಂಡತಿ ಬಾಗಿಲಿಗೆ ಬಂದಳು. ಮೋರ್ಚಾಕ್ಕೆ ಹೋದವಳು ನಾನು, ಇವರು ನನ್ನ ಹಿಂದೆ ಬಂದದ್ದು ಅಷ್ಟೆ ಎಂದು ಮರಾಠಿಯಲ್ಲಿ ನೇರವಾಗಿ ಹೇಳಿದಳು. ಚೇರ್ಮನ್ನರು ಅತ್ತಿಗೆ ಎಂದು ಕರೆದು ಬಹಳ ಮರ್ಯಾದೆಯಿಂದ, “ವಹಿನಿ, ಗಂಡನನ್ನು ಉಳಿಸಲು ನೀವು ಹೀಗೆ ಹೇಳುವುದು ಸಹಜ,” ಎಂದರು. ಅವಳು ಮತ್ತೊಮ್ಮೆ ಹೇಳಿದಳು. ನೀವು ಮನೆಗೆ ಹೋಗಿ ವಹಿನಿ, ಇದು ನಮ್ಮ ನಮ್ಮಲ್ಲಿ ಬಗೆಹರಿಯುತ್ತದೆ ಎಂದರು ಇನ್ನೊಬ್ಬರು. ಅವಳಿಗೆ ಬಂದಷ್ಟು ಸಿಟ್ಟನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನನ್ನ ಮೇಲೂ ಅಷ್ಟು ಸಿಟ್ಟು ಮಾಡಿರಲಿಲ್ಲ. ನಾನು ಎದ್ದು ಆಫೀಸಿನ ಬೀಗದ ಕೈ ಮೇಜಿನ ಮೇಲಿಟ್ಟು ಅವಳ ಜೊತೆ ಹೊರಗೆ ಬಂದೆ.

ಆಮೇಲೆ ಕೆಲವು ವಾರ ಬೆಲ್ಲು ಬಾರಿಸಿದಾಗಲೆಲ್ಲ ಪೊಲೀಸರೆಂದುಕೊಂಡು ಬಾಗಿಲಿನ ಕಿಂಡಿಗೆ ಕಣ್ಣಿಡುತ್ತಿದ್ದೆ. ಹಾಲಿನವ, ಇಸ್ತ್ರಿಯವ, ಕೇಬಲಿನವ ಬಂದರು. ಪೊಲೀಸರು ಬರಲಿಲ್ಲ. ಚೇರ್ಮನ್ನರು ವಾಕಿಂಗಿನ ಹೊತ್ತು ಬದಲಾಯಿಸಿದರು. ಗೇಟಿನ ಹತ್ತಿರ ನಿಂತು ಮಾತಾಡಲು ಉಳಿದವನು ವಾಚ್‌ಮನ್ ಒಬ್ಬನೇ. ಸೆಕ್ರೆಟರಿಯಾಗಿದ್ದಾಗ ಮೂರು ಸಲ ಅವನ ಕಾಗದಗಳನ್ನು ಪೊಲೀಸ್ ತಪಾಸಣೆಗೆ ಕಳಿಸಿದವನು ನಾನು. ಊರಿನಿಂದ ಹೇಗೆ ಬರುತ್ತೀ, ಪಾಸ್‌ಪೋರ್ಟ್ ಬೇಡವೇ ಎಂದು ಒಂದು ದಿನ ಕೇಳಿದೆ. “ಬಸ್ ಸೇ ಆತಾ ಹೂಂ, ಸಾಬ್,” ಎಂದ. ಗಡಿಯಲ್ಲಿ ಇಳಿದು, ಚಹಾ ಕುಡಿದು, ಈ ಕಡೆಯ ಬಸ್ಸು ಹತ್ತುತ್ತಾನಂತೆ. ನಾನು ಅದನ್ನು ಕೇಳಿದ್ದೇ ಅವನಿಗೆ ತಮಾಷೆಯಾಗಿ ಕಂಡಿತು.

ಹೊದಿಕೆ ಕೊನೆಗೆ ಹೋದದ್ದು ದುಬೈ ದಾರಿಯಲ್ಲಿ. ಅಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗ ರಜೆಗೆ ಬಂದವನು ತೆಗೆದುಕೊಂಡು ಹೋಗಿ, ಕರಾಚಿಯ ಆ ಹೆಂಗಸಿನ ತಮ್ಮನಿಗೆ ಕೊಟ್ಟ. ತಿಂಗಳ ಮೇಲೆ ಕೂಸಿನ ಫೋಟೋ ಬಂತು. ಆ ಹೆಂಗಸು ನನಗೂ ಒಂದು ಧ್ವನಿ ಸಂದೇಶ ಕಳಿಸಿದ್ದಳು. ಭಾಯಿಜಾನ್, ನಮ್ಮ ಕಂಬಗಳನ್ನು ಎಣಿಸಿ ಮುಗಿಯಿತೇ ಎಂದು ಕೇಳಿ ನಕ್ಕಿದ್ದಳು. ಹೆಂಡತಿ ಅದನ್ನೂ ಹೇಳಿಬಿಟ್ಟಿದ್ದಳೆಂದು ಆಗ ತಿಳಿಯಿತು. ಇಷ್ಟಾದರೂ ನನ್ನ ಸಂಶಯ ಪೂರ್ತಿ ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಆ ಸಂದೇಶವನ್ನು ಎರಡು ಸಲ ಕೇಳಿದೆ. ಎರಡನೆಯ ಸಲ ಕೇಳಿದ್ದು ಅವಳ ಹಿಂದೆ ಬೇರೆ ಯಾರದಾದರೂ ದನಿ ಇದೆಯೇ ಎಂದು. ಒಂದು ಕಾಗೆ ಕೂಗುತ್ತಿತ್ತು, ಅಷ್ಟೆ.

ಮುಂದಿನ ಮೋರ್ಚಾಕ್ಕೆ ಪರವಾನಗಿ ಸಿಗಲಿಲ್ಲ. ಅದರ ಬದಲು ಕಲ್ಯಾಣದಲ್ಲಿ ಟೀಚರ ಮನೆಯ ಹತ್ತಿರದ ಒಂದು ಸಣ್ಣ ಹಾಲ್‌ನಲ್ಲಿ ಸಭೆ ಇಟ್ಟುಕೊಂಡರು. ಅಂದು ಹೆಂಡತಿ ಸೀರೆ ಉಟ್ಟು ತಯಾರಾಗಿ, ಎಲ್ಲಿಗೆ ಹೋಗುತ್ತೇನೆಂದು ಸರಿಯಾಗಿ ಹೇಳಿ, ಬರ್ತೀರಾ ಎಂದು ಕೇಳಿದಳು. ಮಂಡಿ ನೋವಿದೆ ಎಂದೆ. ಆದರೂ ಅವಳ ಜೊತೆ ಹೊರಟೆ. ಠಾಕುರ್ಲಿ ಒಂದು ಬಿಟ್ಟರೆ ಕಲ್ಯಾಣ, ಕೂರುವಷ್ಟರಲ್ಲಿ ಇಳಿಯಬೇಕು.

ಹಾಲ್‌ನ ಬಾಗಿಲಲ್ಲಿ ಬಂದವರ ಹೆಸರು ಬರೆಯುವ ಪುಸ್ತಕವಿತ್ತು. ಅವಳು ತನ್ನ ಹೆಸರು, ಫೋನ್ ನಂಬರು ಬರೆದು ಪೆನ್ನು ನನಗೆ ಕೊಟ್ಟಳು. ಹೆಸರನ್ನು ಸರಿಯಾಗಿಯೇ ಬರೆದೆ. ನಂಬರಿನ ಕೊನೆಯ ಅಂಕಿಗೆ ಬಂದಾಗ ಈ ಪುಸ್ತಕ ಯಾರ ಕೈಗೆ ಹೋಗುತ್ತದೋ ಎಂದು ಅನಿಸಿ, ನಾಲ್ಕು ಬರೆಯುವಲ್ಲಿ ಏಳು ಬರೆದೆ. ಅವಳು ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ನನ್ನ ಕೈಯಿಂದ ಪೆನ್ನು ಇಸಿದುಕೊಂಡು, ಏಳನ್ನು ಹೊಡೆದು ಹಾಕಿ ನಾಲ್ಕು ಬರೆದು, ಒಳಗೆ ಹೋಗಿ ನನಗೂ ಒಂದು ಕುರ್ಚಿ ಹಿಡಿದಿಟ್ಟಳು.